ಗಿಡದ ನೆತ್ತಿಯ ಮೇಲೊಂದು ದಾರಿ: ಬೆಳಗಾವಿಯಿಂದ ಕ್ಯಾನೊಪಿ ವಾಕ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಮನೆ ಇದ್ದವರಿಗೆ ರಜೆ ಬಂತೆಂದರೆ ಬಾಗಲಕೋಟೆ, ವಿಜಯಪುರ ಕಡೆಯ ನೆಂಟರು ಗ್ಯಾರಂಟಿ. ಕೋಟೆ ಆಯಿತು, ಕುಂದಾ ಆಯಿತು, ಗೋಕಾಕ ಫಾಲ್ಸ್ ಆಯಿತು. ಈಗೀಗ ಎಲ್ಲರೂ ಕೇಳುವುದು ಒಂದೇ: "ಗಿಡದ ಮ್ಯಾಲೆ ಅಡ್ಡಾಡೋ ಸೇತುವೆ ಐತಂತಲ್ಲ, ಅಲ್ಲಿಗೆ ಕರಕೊಂಡು ಹೋಗ್ರಿ." ಹೀಗೆ ಎಷ್ಟೋ ಸಲ ಮಂದಿಯನ್ನು ಕರೆದುಕೊಂಡು ಹೋಗಿದ್ದೇನೆ. ದಾರಿಯಲ್ಲಿ, ಚಹಾದಂಗಡಿಯಲ್ಲಿ, ಸೇತುವೆಯ ನಟ್ಟನಡುವೆ ನಿಂತು ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಕ್ಯಾನೊಪಿ ವಾಕ್ ಅಂದರೆ ಏನು?

ಮದುವೆ ಮನೆಯ ಹಂದರ ನೆನಪು ಮಾಡಿಕೊಳ್ಳಿ. ಕಂಬಗಳು ಬೇರೆ ಬೇರೆ ಇದ್ದರೂ ಮೇಲಿನ ನೆರಳು ಒಂದೇ. ದಟ್ಟ ಕಾಡೂ ಹಾಗೆಯೇ. ಒಂದು ಮರದ ನೆತ್ತಿ ಇನ್ನೊಂದರ ನೆತ್ತಿಗೆ ತಾಗಿ ಮೇಲೊಂದು ಹಸಿರು ಹಂದರ ಆಗಿರುತ್ತದೆ. ಅದೇ ಕ್ಯಾನೊಪಿ. ಆ ಎತ್ತರದಲ್ಲಿ ಹಗ್ಗ, ಹಲಗೆ, ಬಲೆ ಕಟ್ಟಿಯೋ ಕಬ್ಬಿಣದ ಕಂಬ ನಿಲ್ಲಿಸಿಯೋ ಮಾಡಿದ ಕಾಲುದಾರಿಯೇ ಕ್ಯಾನೊಪಿ ವಾಕ್. ನಮ್ಮ ಕಡೆ ಮರಕ್ಕೂ ಗಿಡ ಅನ್ನುತ್ತೇವೆ. ಹಾಗಾಗಿ ನಮ್ಮವ್ವ ಇದಕ್ಕೆ "ಗಿಡದ ಮಾಳಿಗಿ" ಅಂತ ಹೆಸರಿಟ್ಟಳು. ನನಗೆ ಇಂಗ್ಲಿಷ್ ಹೆಸರಿಗಿಂತ ಅದೇ ಇಷ್ಟ.

ಬೆಳಗಾವಿಗೆ ಹತ್ತಿರ ಎಲ್ಲಿದೆ?

ಕುವೇಶಿಯಲ್ಲಿ. ಕ್ಯಾಸಲ್‌ರಾಕ್ ಹತ್ತಿರದ ಸಣ್ಣ ಹಳ್ಳಿ ಅದು. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿಗೆ ಸೇರುತ್ತದೆ. ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶದ್ದು. 2007ರಲ್ಲಿ ದಾಂಡೇಲಿ-ಅಣಶಿ ಹೆಸರಿನಲ್ಲಿ ಹುಲಿ ಮೀಸಲು ಪ್ರದೇಶವಾಯಿತು, 2015ರಲ್ಲಿ ಕಾಳಿ ನದಿಯ ಹೆಸರು ಬಂತು. ಅರಣ್ಯ ಇಲಾಖೆ ಕಟ್ಟಿಸಿದ ಈ ತೂಗುದಾರಿ ಸುಮಾರು 240 ಮೀಟರ್ ಉದ್ದ ಇದೆ. ಗೋಕಾಕ ಫಾಲ್ಸ್‌ನ ಹಳೇ ತೂಗುಸೇತುವೆ ನೋಡಿದವರಿಗೆ ಅಂದಾಜು ಸಿಗುತ್ತದೆ. ಅದು ಸುಮಾರು 200 ಮೀಟರ್. ಅಲ್ಲಿ ಕಾಲ ಕೆಳಗೆ ಬಂಡೆ ಮತ್ತು ನೀರು. ಇಲ್ಲಿ ಬರೀ ಎಲೆ.

ಹೋಗೋದು ಹೇಗೆ?

ಖಾನಾಪುರ, ಲೋಂಡಾ, ರಾಮನಗರ ದಾಟಿ ಕ್ಯಾಸಲ್‌ರಾಕ್ ದಾರಿ ಹಿಡಿಯಬೇಕು. ಬೆಳಗಾವಿಯಿಂದ ಎರಡು ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮಳೆ ಕಳೆದ ಹೊಸದರಲ್ಲಿ ರಸ್ತೆ ಕೆಟ್ಟಿದ್ದರೆ ಇನ್ನೂ ಜಾಸ್ತಿ. ರೈಲು ಬೇಕೆಂದರೆ ಲೋಂಡಾ ಜಂಕ್ಷನ್. ಅಲ್ಲಿಂದ ಗೋವಾ ಕಡೆ ಹೋಗುವ ಹಳಿ ತಿನೈಘಾಟ್, ಕ್ಯಾಸಲ್‌ರಾಕ್ ಮೇಲೆಯೇ ಹಾದು ಘಟ್ಟ ಇಳಿಯುತ್ತದೆ. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಇದು ಅನುಕೂಲ. ವಿಜಯಪುರದವರು ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅಂತ ಹಟ ಮಾಡಬೇಡಿ. ಹಿಂದಿನ ದಿನ ಬೆಳಗಾವಿಗೆ ಬಂದು ಮಲಗಿ, ನಸುಕಿನಲ್ಲಿ ಬಿಡಿ.

ಪ್ರವೇಶ, ಸಮಯ, ಶುಲ್ಕ ಎಲ್ಲ ಅರಣ್ಯ ಇಲಾಖೆಯ ಕೈಯಲ್ಲಿದೆ. ಋತು ನೋಡಿ ಅವು ಬದಲಾಗುತ್ತವೆ. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳುವುದು ತಪ್ಪಿಸಬೇಡಿ. ಒಮ್ಮೆ ನಾನು ಕೇಳದೇ ಹೋಗಿ, ಐದು ಮಕ್ಕಳನ್ನು ಗೇಟಿನಿಂದ ವಾಪಸ್ ಕರೆತಂದಿದ್ದೇನೆ. ಆ ಮುಖಗಳು ಇನ್ನೂ ಕಣ್ಣ ಮುಂದಿವೆ.

ಯಾವ ತಿಂಗಳು ಒಳ್ಳೇದು?

ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಹೋಗುವ ಆಸೆ ಬೇಡ. ಈ ಘಟ್ಟದ ಸಾಲು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಹಿಡಿಯುವ ಜಾಗಗಳಲ್ಲೊಂದು. ಹಲಗೆ ಜಾರುತ್ತದೆ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ, ಸಿಡಿಲಿನ ಭಯ ಬೇರೆ. ಬೆಳಿಗ್ಗೆ ಬೇಗ ಹೋದಷ್ಟೂ ಲಾಭ. ಹತ್ತು ಗಂಟೆ ಮೇಲೆ ಹಕ್ಕಿಗಳೂ ನೆರಳು ಹುಡುಕುತ್ತವೆ.

ಅಷ್ಟು ಮೇಲೆ ಹೋಗಿ ನೋಡೋದಾದರೂ ಏನು?

ಕಾಡಿನ ಅರ್ಧ ಜೀವನ ಅಲ್ಲೇ ಇದೆ. ದಟ್ಟ ಮಳೆಕಾಡಿನಲ್ಲಿ ನೆತ್ತಿಯ ಮೇಲೆ ಬಿದ್ದ ಬೆಳಕಿನಲ್ಲಿ ನೆಲದವರೆಗೆ ಇಳಿಯುವುದು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಬೆಳಕು ಇದ್ದಲ್ಲಿ ಚಿಗುರು, ಚಿಗುರು ಇದ್ದಲ್ಲಿ ಹುಳ, ಹೂವು, ಹಣ್ಣು. ಅವನ್ನು ತಿನ್ನುವವರೂ ಅಲ್ಲೇ. ನಾವು ಕೆಳಗೆ ನಿಂತು ಕುತ್ತಿಗೆ ನೋಯಿಸಿಕೊಂಡು ನೋಡುವುದು ಬರೀ ಕಾಂಡ ಮತ್ತು ಎಲೆಯ ಬೆನ್ನು.

ಮೇಲೆ ಹೋದರೆ ಮೊದಲು ಕಾಣುವುದು ಮರದ ಮೇಲಿನ ಮರ. ಕೊಂಬೆಯ ಕವಲಿನಲ್ಲಿ ಕೊಳೆತ ಎಲೆ, ಧೂಳು, ಹಕ್ಕಿ ಹಿಕ್ಕೆ ಸೇರಿ ಒಂದು ಹಿಡಿ ಮಣ್ಣೇ ಆಗಿರುತ್ತದೆ. ಅದರಲ್ಲಿ ಪಾಚಿ, ಜರಿಗಿಡ, ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂಗಿಡ. ಸೀತಾಳೆ ಮರದ ರಸ ಹೀರುವುದಿಲ್ಲ, ಕುಳಿತುಕೊಳ್ಳಲು ಜಾಗ ಕೇಳುತ್ತದೆ ಅಷ್ಟೇ. ಬಂದಳಿಕೆ ಹಾಗಲ್ಲ. ಅದು ಕೊಂಬೆಯೊಳಕ್ಕೇ ಬೇರಿಳಿಸಿ ನೀರು ಕುಡಿಯುತ್ತದೆ. ಅದರ ಹಣ್ಣನ್ನು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಬದನಿಕೆ ಹಕ್ಕಿ ತಿನ್ನುತ್ತದೆ. ಬೀಜ ಅಂಟಂಟು. ಹಿಕ್ಕೆಯ ಜೊತೆ ಹೊರಬಂದರೂ ಹಿಂದೆಯೇ ಜೋತಾಡುತ್ತದೆ. ಹಕ್ಕಿ ಕೊಂಬೆಗೆ ಒರೆಸಿ ಬಿಡಿಸಿಕೊಳ್ಳಬೇಕು. ಒರೆಸಿದ ಜಾಗದಲ್ಲೇ ಹೊಸ ಬಂದಳಿಕೆ! ಒಮ್ಮೆ ಇದನ್ನು ಎರಡು ಮಾರು ದೂರದಿಂದ ನೋಡಿದೆ. ಕೆಳಗಿನಿಂದ ನೂರು ಸಲ ಹೋಗಿದ್ದರೂ ಸಿಗುತ್ತಿರಲಿಲ್ಲ.

ಕೆಂದಳಿಲು ಕಂಡರೆ ಅದೃಷ್ಟ. ಮರಾಠಿ ಮಾತಾಡುವವರು ಶೇಕ್ರು ಅನ್ನುತ್ತಾರೆ. ಮಹಾರಾಷ್ಟ್ರದ ರಾಜ್ಯಪ್ರಾಣಿ ಅದೇ. ಮೂಗಿನಿಂದ ಬಾಲದ ತುದಿಗೆ ಹೆಚ್ಚುಕಮ್ಮಿ ಮೂರು ಅಡಿ. ನೆಲಕ್ಕೆ ಇಳಿಯುವುದು ಅಪರೂಪ, ಮರದಿಂದ ಮರಕ್ಕೆ 20 ಅಡಿ ಹಾರುತ್ತದೆ. ಅಂದರೆ ಹಂದರ ಎಲ್ಲಾದರೂ ಹರಿದರೆ, ನಡುವೆ ಅಗಲ ರಸ್ತೆಯೊಂದು ಬಂದರೆ, ಅದರ ದಾರಿಯೇ ಕಡಿದ ಹಾಗೆ. ಎತ್ತರದ ಕೊಂಬೆಯಲ್ಲಿ ಒಣ ಎಲೆಯ ದೊಡ್ಡ ಚೆಂಡು ಕಂಡರೆ ಅದು ಇದರ ಗೂಡು. ಒಂದೊಂದು ಅಳಿಲಿಗೂ ಇಂಥವು ಹಲವು ಇರುತ್ತವೆ.

ಇನ್ನು ಹಾರ್ನ್‌ಬಿಲ್, ನಮ್ಮ ಮಂಗಟ್ಟೆ. ಮೊದಲು ಕಿವಿಗೆ ಬರುತ್ತದೆ. ದೊಡ್ಡ ಮಂಗಟ್ಟೆ ರೆಕ್ಕೆ ಬಡಿದರೆ ದೂರದಲ್ಲಿ ಉಗಿಬಂಡಿ ಬಂದ ಹಾಗೆ ಸದ್ದು. ಬೇಸಿಗೆಯ ಹೊತ್ತಿಗೆ ಹೆಣ್ಣು ಮರದ ಪೊಟರೆ ಸೇರಿ, ಬಾಗಿಲನ್ನು ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಗಂಡೇ ಅತ್ತಿ, ಬಸರಿ ಹಣ್ಣು ತಂದು ಉಣಿಸಬೇಕು. ಗೂಡಿನ ಹತ್ತಿರ ನಾವು ಗದ್ದಲ ಮಾಡಿದರೆ ಗಂಡು ಹತ್ತಿರ ಬರುವುದಿಲ್ಲ. ಒಳಗೆ ತಾಯಿ ಮಕ್ಕಳು ಉಪವಾಸ. ದಯವಿಟ್ಟು ಇದೊಂದು ನೆನಪಿರಲಿ.

ನಾವು ಹೋಗಿದ್ವಿ, ಏನೂ ಕಾಣಲಿಲ್ಲ. ಹತ್ತು ನಿಮಿಷದಲ್ಲಿ ಮುಗಿದುಹೋಯ್ತು. ಯಾಕೆ?

ಹತ್ತು ನಿಮಿಷದಲ್ಲಿ ಮುಗಿಸಿದ್ದಕ್ಕೇ. ಹೆಸರಿನಲ್ಲಿ ವಾಕ್ ಇದೆ ಅಂತ ಎಲ್ಲರೂ ನಡೆದು ಮುಗಿಸುತ್ತಾರೆ. ಇದು ನಿಲ್ಲುವ ಜಾಗ. ಮರದ ಸುತ್ತ ಕಟ್ಟೆ ಇರುವಲ್ಲಿ ಬದಿಗೆ ಸರಿದು, ಹಿಂದಿನವರಿಗೆ ದಾರಿ ಬಿಟ್ಟು, ಸುಮ್ನೆ ನಿಂತುಬಿಡಿ. ಫೋನ್ ಕಿಸೆಯಲ್ಲಿರಲಿ. ಮೊದಲ ಐದು ನಿಮಿಷ ನಿಜವಾಗಿ ಏನೂ ಇರುವುದಿಲ್ಲ. ನಮ್ಮ ಹೆಜ್ಜೆ ಸದ್ದಿಗೆ ಎಲ್ಲರೂ ಅಡಗಿರುತ್ತಾರೆ. ಆಮೇಲೆ ಒಂದು ಎಲೆ ಗಾಳಿ ಇಲ್ಲದೆ ಅಲುಗುತ್ತದೆ. ತೊಗಟೆಯ ಬಣ್ಣದ ಓತಿ ತಲೆ ಎತ್ತುತ್ತದೆ. ಗಂಟಲ ಕೆಳಗಿನ ಹಳದಿ ಪದರ ಬೀಸಣಿಗೆ ಥರ ಬಿಚ್ಚಿ ಮುಚ್ಚುತ್ತದೆ. ಅದು ಹಾರುವ ಓತಿ. ಅದರ ಪಕ್ಕದಲ್ಲೇ ನೀವು ಐದು ನಿಮಿಷದಿಂದ ನಿಂತಿದ್ದಿರಿ!

ಸೇತುವೆ ಅಲುಗಾಡುತ್ತದೆ. ಬೀಳೋದಿಲ್ವಾ?

ತೂಗುದಾರಿ ಅಲುಗಬೇಕು. ಅಲುಗದೇ ಗಟ್ಟಿಯಾಗಿ ಬಿಗಿದಿದ್ದರೆ ಗಾಳಿಗೆ ಮರ ತೂಗಿದಾಗ ಹಗ್ಗದ ಮೇಲೆ ಭಾರ ಬೀಳುತ್ತದೆ. ನೋಡಬೇಕಾದದ್ದು ಬೇರೆ: ಒಂದು ಸಲಕ್ಕೆ ಎಷ್ಟು ಜನ ಅಂತ ಬೋರ್ಡ್ ಇದೆಯಾ, ಸಿಬ್ಬಂದಿ ನಿಜವಾಗಿ ಎಣಿಸಿ ಬಿಡುತ್ತಾರಾ, ಎರಡೂ ಬದಿ ಬಲೆ ಎದೆ ಎತ್ತರಕ್ಕೆ ಇದೆಯಾ, ಉಕ್ಕಿನ ಹಗ್ಗದ ಎಳೆ ಎಲ್ಲಾದರೂ ಬಿಚ್ಚಿಕೊಂಡಿದೆಯಾ. ಅನುಮಾನ ಬಂದರೆ ಹತ್ತಬೇಡಿ, ಸಿಬ್ಬಂದಿಗೆ ತೋರಿಸಿ. ನಾಚಿಕೆ ಏನಿಲ್ಲ.

ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಡಿ. ಬೆಳಗಾವಿಯ ಕ್ಯಾಂಪ್ ಕಡೆ ಮರಾಠಾ ರೆಜಿಮೆಂಟಿನ ಜವಾನರು ಕವಾಯತು ಮಾಡುವುದು ನೋಡಿದ್ದೀರಲ್ಲ, ಅಂಥ ಹೆಜ್ಜೆ ತೂಗುಸೇತುವೆಗೆ ಆಗಿಬರುವುದಿಲ್ಲ. 1831ರಲ್ಲಿ ಇಂಗ್ಲೆಂಡಿನ ಬ್ರೌಟನ್ ತೂಗುಸೇತುವೆ ಸೈನಿಕರ ಸಾಲು ಹೆಜ್ಜೆಗೇ ಕುಸಿಯಿತು. ಅಂದಿನಿಂದ ಸೈನ್ಯದವರೂ ಸೇತುವೆಯ ಮೇಲೆ ಹೆಜ್ಜೆ ತಪ್ಪಿಸಿ ನಡೆಯುತ್ತಾರೆ. ಹುಡುಗರು ಬೇಕಂತಲೇ ಜಿಗಿದು ತೂಗಿಸುವುದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಹಿಂದೆ ಯಾವ ಅಜ್ಜಿ ಬಲೆ ಹಿಡಿದು ನಿಂತಿರುತ್ತಾಳೋ ಯಾರಿಗೆ ಗೊತ್ತು?

ನಮ್ಮವ್ವನನ್ನು ಕರೆದೊಯ್ದಾಗ ಅವಳಿಗೆ ಅರವತ್ತೆಂಟು. ಹುನಗುಂದ ಕಡೆಯವಳು, ಇಷ್ಟೊಂದು ಗಿಡ ಒಟ್ಟಿಗೆ ನೋಡಿದವಳೇ ಅಲ್ಲ. ನಾಲ್ಕು ಹೆಜ್ಜೆಗೆ ಇಳಕಲ್ ಸೀರೆಯ ಸೆರಗು ಬಲೆಗೆ ಸಿಕ್ಕಿತು. ಬಿಡಿಸಲು ಬಗ್ಗಿದವಳಿಗೆ ಕೆಳಗಿನ ಆಳ ಕಂಡಿತು. "ಯಪ್ಪಾ, ನಾ ಒಲ್ಲೆ" ಅಂತ ಅಲ್ಲೇ ಕಣ್ಣು ಮುಚ್ಚಿದಳು. ನಾನು ಮುಂದೆ ನಿಂತು ಕೈ ಕೊಟ್ಟೆ. "ಕೆಳಗ ನೋಡಬ್ಯಾಡಬೇ, ಎದುರಿನ ಗಿಡ ನೋಡು" ಅಂದೆ. ಮುಂದಿನ ಕಟ್ಟೆ ಮುಟ್ಟುವ ಹೊತ್ತಿಗೆ ಅವಳೇ ನನ್ನ ಕೈ ಬಿಟ್ಟು ಮರದ ತೊಗಟೆ ಸವರುತ್ತಿದ್ದಳು. ಆಮೇಲೆ ಅರ್ಧ ಗಂಟೆ ಇಳಿಯಲೇ ಒಲ್ಲೆ ಅಂದಳು. ಸೀರೆ ಉಟ್ಟವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬನ್ನಿ. ಹಿಂದಿನಿಂದ ಬೆಲ್ಟ್ ಇರುವ ಚಪ್ಪಲಿ ಅಥವಾ ಬೂಟು ಇರಲಿ. ತಲೆಸುತ್ತು, ಎದೆನೋವು ಇರುವವರು ಹತ್ತುವುದು ಬೇಡ.

ಮರಕ್ಕೆ ಕಟ್ಟಿದರೆ ಮರಕ್ಕೆ ಏನೂ ಆಗೋದಿಲ್ವಾ?

ಬಹಳ ಕಡಿಮೆ ಜನ ಕೇಳುವ ಪ್ರಶ್ನೆ, ಆದರೆ ಎಲ್ಲರೂ ಕೇಳಬೇಕಾದದ್ದು. ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಎಲೆ ಮಾಡಿದ ಊಟ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿರುವ ತೆಳು ಪದರದಲ್ಲಿ. ತಂತಿಯನ್ನು ಕಾಂಡದ ಸುತ್ತ ನೇರವಾಗಿ ಬಿಗಿದರೆ, ಮರ ದಪ್ಪ ಆದ ಹಾಗೆ ತಂತಿ ಒಳಗೆ ಕಚ್ಚುತ್ತದೆ. ಊಟದ ದಾರಿ ಕಟ್ಟಾಗುತ್ತದೆ. ನಿಧಾನವಾಗಿ ಕುತ್ತಿಗೆ ಹಿಸುಕಿದ ಹಾಗೆ. ಸರಿಯಾಗಿ ಕಟ್ಟುವವರು ಕಾಂಡಕ್ಕೂ ಹಗ್ಗಕ್ಕೂ ನಡುವೆ ಮರದ ತುಂಡುಗಳನ್ನು ಬಿಡಿಬಿಡಿಯಾಗಿ ಇಡುತ್ತಾರೆ. ತೊಗಟೆಗೆ ಉಸಿರಾಡಲು ಸಂದು ಇರುತ್ತದೆ. ಮರ ಬೆಳೆದಂತೆ ಆಗಾಗ ಸಡಿಲಿಸುತ್ತಾರೆ. ಇನ್ನು ಕೆಲವರು ಮರದ ತಂಟೆಗೇ ಹೋಗದೆ ಕಬ್ಬಿಣದ ಕಂಬ ನಿಲ್ಲಿಸುತ್ತಾರೆ. ಆಗ ಕಂಬದ ಬುನಾದಿ ಬೇರಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು.

ಒಮ್ಮೆ ಒಂದು ಖಾಸಗಿ ಜಾಗಕ್ಕೆ ಹೋಗಿದ್ದೆ. ಎಲ್ಲಿ ಅಂತ ಹೇಳುವುದು ಬೇಡ. ಮತ್ತಿ ಮರವೊಂದಕ್ಕೆ ಕಟ್ಟಿದ ತಂತಿ ಅರ್ಧ ಬೆರಳು ಒಳಗೆ ಹೂತಿತ್ತು. ಮೇಲಿನ ಅಂಚಿನಲ್ಲಿ ತೊಗಟೆ ಬಾವು ಬಂದ ಹಾಗೆ ಉಬ್ಬಿತ್ತು. ಬೆರಳು ಇಟ್ಟರೆ ಅಂಟು. ಅದೇ ಮರಕ್ಕೆ ಒರಗಿ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಹೇಳಿದೆ, ನೋಡುತ್ತೇವೆ ಅಂದರು. ಮತ್ತೆ ಅಲ್ಲಿಗೆ ಹೋಗಿಲ್ಲ. ನೀವು ಎಲ್ಲಿಗೇ ಹೋದರೂ ಮೊದಲು ಹಗ್ಗ ಮರವನ್ನು ಮುಟ್ಟುವ ಜಾಗ ನೋಡಿ. ಆ ಜಾಗದ ಮಾಲೀಕರು ಎಂಥವರು ಅಂತ ಅಲ್ಲೇ ತಿಳಿಯುತ್ತದೆ.

ಇದನ್ನು ಮೊದಲು ಯಾರು ಶುರು ಮಾಡಿದರು?

ವಿಜ್ಞಾನಿಗಳು ಮೊದಲು ಹತ್ತಿದರು, ಪ್ರವಾಸಿಗರು ಹಿಂದೆ ಬಂದರು. ಅಮೆರಿಕದ ಕೀಟವಿಜ್ಞಾನಿ ಟೆರ್ರಿ ಎರ್ವಿನ್ ಪನಾಮಾದಲ್ಲಿ ಒಂದೇ ಜಾತಿಯ 19 ಮರಗಳ ನೆತ್ತಿಗೆ ಹೊಗೆ ಹಾಕಿ, ಉದುರಿದ ಹುಳ ಎಣಿಸಿದರು. ಜೀರುಂಡೆಗಳಲ್ಲೇ ಸಾವಿರಕ್ಕೂ ಹೆಚ್ಚು ಜಾತಿ! 1982ರಲ್ಲಿ ಆ ಲೆಕ್ಕ ಬಂದ ಮೇಲೆ ಎಲ್ಲರ ಕಣ್ಣು ಮರದ ಮೇಲೆ ಹೋಯಿತು. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ವಿಜ್ಞಾನಿ ನಳಿನಿ ನಾಡಕರ್ಣಿ ಇನ್ನೊಂದು ಬೆರಗು ತೋರಿಸಿದ್ದರು. ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು, ಕವಲಿನಲ್ಲಿ ಸೇರಿದ ಮಣ್ಣಿನ ಸಾರ ಹೀರುತ್ತದೆ ಅಂತ. ಅವರ ತಂದೆ ಮಹಾರಾಷ್ಟ್ರ ಮೂಲದವರು. ನಮ್ಮಲ್ಲೂ ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಪಶ್ಚಿಮ ಘಟ್ಟದ ಮರದ ನೆತ್ತಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2009ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಸಾರ್ವಜನಿಕರ ದಾರಿಗಳಲ್ಲಿ ಘಾನಾ ದೇಶದ ಕಾಕುಮ್ ಕಾಡಿನದು ಹೆಸರುವಾಸಿ. 1995ರದ್ದು, ಏಳು ತೂಗುಸೇತುವೆಗಳ ಸಾಲು. ಮಲೇಷ್ಯಾದ ತಮನ್ ನೆಗಾರಾ ಇದೆ. ನನಗೆ ಹೋಗುವ ಆಸೆ ಇರುವುದು ಪಶ್ಚಿಮ ಆಸ್ಟ್ರೇಲಿಯಾದ ವ್ಯಾಲಿ ಆಫ್ ದ ಜೈಂಟ್ಸ್‌ಗೆ. 1996ರಲ್ಲಿ ಕಟ್ಟಿದ್ದು, 40 ಮೀಟರ್ ಎತ್ತರ ಮುಟ್ಟುತ್ತದೆ. ಮೆಟ್ಟಿಲೇ ಇಲ್ಲ. ಇಳಿಜಾರು ದಾರಿಯಲ್ಲಿ ಗಾಲಿಕುರ್ಚಿಯವರೂ ಮರದ ನೆತ್ತಿಗೆ ಹೋಗುತ್ತಾರೆ. ನಮ್ಮಲ್ಲಿ ಮುಂದೆ ಎಲ್ಲೇ ಕಟ್ಟಿದರೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಹೆಜ್ಜೇನು, ಉಣ್ಣೆ, ಹಾವು?

ಹಾವಿನ ಭಯ ಬಿಡಿ. ಹೆಜ್ಜೇನಿನ ಭಯ ಇರಲಿ. ಎತ್ತರದ ಮರಗಳಲ್ಲೇ ಅವು ಗೂಡು ಕಟ್ಟುವುದು. ಸೆಂಟ್ ಹಾಕಿಕೊಂಡು ಬರಬೇಡಿ, ಬೀಡಿ ಸಿಗರೇಟು ಹಚ್ಚಲೇಬೇಡಿ. ಎದ್ದರೆ ಕೈ ಬೀಸದೆ ಮುಖ ತಲೆ ಮುಚ್ಚಿಕೊಂಡು ಸೇತುವೆಯಿಂದ ಇಳಿದು ದೂರ ಹೋಗಿ.

ರಕ್ತ ಹೀರುವ ಉಣ್ಣೆ ಹುಳವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಘಟ್ಟದ ಕಾಡುಗಳಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಒಗೆತ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ಹೇಳಿ. ಒಂದೆರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅಂತ ತಪ್ಪದೇ ತಿಳಿಸಿ.

ರೊಟ್ಟಿ ಬುತ್ತಿ ಒಯ್ಯಬಹುದಾ?

ಒಯ್ಯಿರಿ, ಆದರೆ ಊಟ ಗೇಟಿನ ಹೊರಗೆ. ಶೇಂಗಾ ಹಿಂಡಿಯ ವಾಸನೆಗೆ ಮುಸುವ ಬಂದರೆ ಬುತ್ತಿಯೂ ಇಲ್ಲ, ಮುಸುವಕ್ಕೂ ಒಳ್ಳೇದಲ್ಲ. ಸ್ಪೀಕರ್ ಬೇಡ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ.

ನಮ್ಮ ಬಾಗಲಕೋಟೆ, ವಿಜಯಪುರದಲ್ಲಿ ಯಾಕೆ ಮಾಡಿಲ್ಲ?

ಅಲ್ಲಿ ಬೇಕಾಗಿಯೇ ಇಲ್ಲ, ಅಲ್ವಾ? ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲ. ಜಾಲಿ, ಬಾರಿ, ಕುರುಚಲು ಗಿಡದ ನೆತ್ತಿ ನಮ್ಮ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಬೀಳಗಿ ತಾಲ್ಲೂಕಿನ ಯಡಹಳ್ಳಿ ಚಿಂಕಾರ ಧಾಮದ ಅಂಚಿನಲ್ಲಿ ನಿಂತರೆ ಗೂಡು, ಹೂವು, ಹುಳ ಎಲ್ಲ ಕೈ ಅಳತೆಯಲ್ಲಿವೆ. ನೆಲದ ಮೇಲೆ ನಿಂತೇ ಕ್ಯಾನೊಪಿ ನೋಡುವ ಭಾಗ್ಯ ನಿಮ್ಮದು. ಹೂಬಿಟ್ಟ ಜಾಲಿಯ ಮುಂದೆ ಬೆಳಿಗ್ಗೆ ಒಂದು ತಾಸು ಕುಳಿತು ನೋಡಿ. ಘಟ್ಟಕ್ಕೆ ಬರುವ ಮೊದಲು ಇದೇ ಒಳ್ಳೆಯ ತಾಲೀಮು.

ಭೀಮಗಡದಲ್ಲೂ ಒಂದು ಕಟ್ಟಿದರೆ ಬೆಳಗಾವಿಗೇ ಆಗುತ್ತಿತ್ತಲ್ಲ?

ನನಗೆ ಒಪ್ಪಿಗೆ ಇಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವ ಕಾಡು ಅದು. ಅಲ್ಲಿನ ಬಾರಾಪೇಡೆ ಗುಹೆಯಲ್ಲಿ ರಾಟನ್ಸ್ ಬಾವಲಿ ಇದೆ. ಜಗತ್ತಿನಲ್ಲಿ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಸಿಕ್ಕ ಜೀವಿ. ತೂಗುದಾರಿ ಬಂದರೆ ಅದರ ಹಿಂದೆ ರಸ್ತೆ, ಪಾರ್ಕಿಂಗು, ಅಂಗಡಿ, ಲೈಟು ಬರುತ್ತವೆ. ಎರಡು ತಾಸಿನ ದಾರಿಯಲ್ಲಿ ಒಂದು ಇದ್ದೇ ಇದೆ. ಬೆಳಗಾವಿಯ ಹೆಸರಿಗೆ ಇನ್ನೊಂದು ಬೇಡ.

ಅಲ್ಲಿನ ಊರವರಿಗೆ ಇದರಿಂದ ಏನು ಬಂತು?

ನೀವು ಹೇಗೆ ಖರ್ಚು ಮಾಡುತ್ತೀರಿ ಅನ್ನುವುದರ ಮೇಲಿದೆ. ಜೋಯಿಡಾ ಕುಣಬಿ ಸಮುದಾಯದವರ ಸೀಮೆ. ಗೆಡ್ಡೆ ಗೆಣಸು ಬೆಳೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳವೇ ನಡೆಯುತ್ತದೆ. ಅಲ್ಲಿನವರ ಮನೆಯಲ್ಲಿ ಊಟ ಮಾಡಿ, ಅಲ್ಲಿನ ಹುಡುಗನನ್ನೇ ಗೈಡ್ ಆಗಿ ಕರೆದುಕೊಳ್ಳಿ, ಕೋಕಂ, ಜೇನುತುಪ್ಪ ಕೊಳ್ಳಿ. ಎಲ್ಲ ಬೆಳಗಾವಿಯಲ್ಲೇ ಕಟ್ಟಿಸಿಕೊಂಡು ಹೋಗಿ, ಬರೀ ಪ್ಲಾಸ್ಟಿಕ್ ಬಿಟ್ಟು ಬಂದರೆ ಅವರಿಗೆ ಏನು ಉಳಿಯಿತು?

ಮಕ್ಕಳಿಗೆ ಒಂದೇ ಒಂದು ತೋರಿಸಬೇಕೆಂದರೆ?

ಚಗಳಿ ಇರುವೆಯ ಗೂಡು. ಬಲೆಯ ಹತ್ತಿರದ ಕೊಂಬೆಯಲ್ಲಿ ನಾಲ್ಕಾರು ಹಸಿರೆಲೆ ಸೇರಿಸಿ ಹೊಲಿದ ಚೆಂಡು ಹುಡುಕಿ. ಹತ್ತಿರ ಹೋಗಿ, ಮುಟ್ಟಬೇಡಿ. ಕೆಂಪಿರುವೆಗಳು ಸಾಲಾಗಿ ಒಂದು ಎಲೆಯ ಅಂಚನ್ನು ಬಾಯಲ್ಲಿ ಕಚ್ಚಿ, ಇನ್ನೊಂದರ ಅಂಚಿಗೆ ಕಾಲು ಊರಿ ಎಳೆಯುತ್ತಿರುತ್ತವೆ. ಎಲೆ ದೂರ ಇದ್ದರೆ ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿ ಆಗುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಇರುವೆಗಳು ಒಳಗಿನಿಂದ ಬಿಳಿ ಮರಿಹುಳ ತರುತ್ತವೆ. ದೊಡ್ಡ ಇರುವೆಗೆ ರೇಷ್ಮೆ ಬಿಡಲು ಬರುವುದಿಲ್ಲ, ಮರಿಗೆ ಮಾತ್ರ ಬರುತ್ತದೆ. ಮರಿಯನ್ನು ಬಾಯಲ್ಲಿ ಹಿಡಿದು ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ತಾಗಿಸುತ್ತ ಹೋಗುತ್ತವೆ. ಬಿಸಿಲು ಓರೆಯಾಗಿ ಬಿದ್ದಾಗ ಆ ನೂಲು ಹೊಳೆಯುತ್ತದೆ. ನನ್ನ ತಂಗಿಯ ಮಗ, ಎಂಟು ವರ್ಷದವನು, ಇಳಕಲ್ಲಿನಲ್ಲಿ ಮಗ್ಗದ ಸದ್ದು ಕೇಳಿಕೊಂಡೇ ಬೆಳೆದವನು, ಇದನ್ನು ಬಹಳ ಹೊತ್ತು ನೋಡಿ ಪಿಸುಮಾತಿನಲ್ಲಿ ಕೇಳಿದ: "ಮಾಮಾ, ಮರೀನ ಲಾಳಿ ಮಾಡ್ಕೊಂಡಾವಲ್ಲೋ?"